ಇಬ್ರಾಹಿಂ ಆದಿಲ್ ಶಾಹ್ ಭಾವಚಿತ್ರದ ನಕಲು: ಚಿನ್ನದ ಶಾಲು ಹಸಿರಾಗುತ್ತಿದೆ, ತೆಳು ಜಾಮಾ ಸುಣ್ಣ ಬಳಿದಂತಿದೆ

ಕುಂಚಪ್ರಿಯೆ:
ನಮಸ್ಕಾರ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ್ (ಆಳ್ವಿಕೆ 1580–1627) ತಾಳದ ಚಿಟಿಕೆ ಹಿಡಿದು ನಿಂತಿರುವ ಚಿತ್ರ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆಯಲ್ಲ, ಅದನ್ನು ವಸ್ಲಿ ಕಾಗದದ (ಹಲವು ಹಾಳೆ ಅಂಟಿಸಿ ಉಜ್ಜಿ ನುಣುಪಾಗಿಸಿದ ಕಾಗದ) ಮೇಲೆ ನಕಲು ಮಾಡುತ್ತಿದ್ದೇನೆ. ಶಾಲಿಗೆ ಹಚ್ಚಿದ ಚಿನ್ನದ ಪುಡಿ ನೆರಿಗೆಗಳಲ್ಲಿ ಹಸಿರು ಮಿಶ್ರಿತ ಕಪ್ಪಾಗಿದೆ. ಹೊಳಪು ಬರಿಸಲು ಅಗೇಟ್ ಎಂಬ ನುಣುಪು ಕಲ್ಲಿನಿಂದ ಉಜ್ಜಿದರೆ ಕಲ್ಲಿಗೇ ಅಂಟಿಕೊಂಡು ಬರುತ್ತದೆ. ಬಿಳಿ ಜಾಮಾದೊಳಗಿಂದ (ತೆಳು ಬಟ್ಟೆಯ ನಿಲುವಂಗಿ) ಮೈಬಣ್ಣ ಕಾಣುತ್ತಲೇ ಇಲ್ಲ.

ವಸ್ಲಿಗಾರ:
ಮೇಡಂ, ಅದು ಚಿನ್ನವಲ್ಲ, ಹಿತ್ತಾಳೆ ಪುಡಿ. ಹಸಿರಿಗೆ ಅದರೊಳಗಿನ ತಾಮ್ರವೇ ಕಾರಣ. ಅನುಮಾನವಿದ್ದರೆ ಒಂದು ಚಿಟಿಕೆ ಪುಡಿಯನ್ನು ವಿನೆಗರ್‌ನಲ್ಲಿ ಕೆಲವು ದಿನ ಬಿಡಿ, ನೀಲಿ-ಹಸಿರು ಇಳಿಯುತ್ತದೆ. ಅಪ್ಪಟ ಚಿನ್ನ ಹೀಗೆ ಬಣ್ಣ ಬಿಡುವುದಿಲ್ಲ. ಚಿನ್ನದ ರೇಕನ್ನು ಗೋಂದಿನಲ್ಲಿ ಅರೆದು, ತೊಳೆದು ಮಾಡಿದ ಪುಡಿಯನ್ನೇ ಕೊಳ್ಳಿ. ದುಬಾರಿ, ನಿಜ. ಶಾಲಿನ ಅಗಲಕ್ಕೆ ಸ್ವಲ್ಪವೇ ಸಾಕು.

ಕಲ್ಲಿಗೆ ಅಂಟುವುದು ಬೇರೆ ರೋಗ: ಗೋಂದು ಕಡಿಮೆಯಾಗಿದೆ, ಇಲ್ಲವೇ ಬಣ್ಣ ಇನ್ನೂ ಹಸಿಯಾಗಿದೆ. ಹಾಗೆಂದು ಗೋಂದು ಸುರಿದರೆ ಹೊಳಪು ಹೋಗಿ, ಒಣಗಿದ ಮೇಲೆ ಬಿರುಕು ಬಿಡುತ್ತದೆ. ಮೊದಲು ಹಳದಿ ಕಾವಿಯ ತೆಳು ಲೇಪ ಕೊಡಿ, ಅದರ ಮೇಲೆ ಚಿನ್ನವನ್ನು ಎರಡು ತೆಳು ಪದರ. ಪೂರ್ತಿ ಒಣಗಿದ ಮೇಲೆ ಹಾಳೆಯನ್ನು ಗಾಜಿನ ಮೇಲೆ ಬೋರಲು ಹಾಕಿ ಹಿಂಬದಿಯಿಂದ ಉಜ್ಜಿ. ಅನಂತರ ಮುಂಬದಿಗೆ ನುಣುಪು ಬಟರ್ ಪೇಪರ್ ಇಟ್ಟು ಹಗುರವಾಗಿ ಒತ್ತಿ. ನೆರಿಗೆಯ ಗೆರೆಗಳು ಕಟ್ಟಕಡೆಗೆ. ಗೆರೆ ಎಳೆದ ಮೇಲೆ ಕಲ್ಲು ಮುಟ್ಟಬೇಡಿ.

ಕುಂಚಪ್ರಿಯೆ:
ವಿನೆಗರ್ ನೀಲಿಯಾಯಿತು! ಅಂಗಡಿಯವರು ಅಪ್ಪಟ ಚಿನ್ನವೆಂದೇ ಕೊಟ್ಟಿದ್ದರು. ಜಾಮಾಕ್ಕೆ ಟೈಟಾನಿಯಂ ಬಿಳಿ ಬಳಸಿದ್ದೇನೆ.

ಹಳೆಗುರು:
ಅಲ್ಲೇ ಕೆಟ್ಟಿರುವುದು. ಟೈಟಾನಿಯಂ ಎಲ್ಲವನ್ನೂ ಮುಚ್ಚುತ್ತದೆ, ಸತುವಿನ ಬಿಳಿ ಅಷ್ಟು ಮುಚ್ಚುವುದಿಲ್ಲ. ಬಟ್ಟೆ ಇಲ್ಲವೆಂಬಂತೆ ತೋಳು, ಎದೆಗಳಿಗೆ ಮೈಬಣ್ಣವನ್ನು ಪೂರ್ತಿ ಮುಗಿಸಿ ಒಣಗಿಸಿ. ಮೇಲೆ ನೀರಾದ ಬಿಳಿಯನ್ನು ಒಂದೇ ಎಳೆತದಲ್ಲಿ ಹಾಯಿಸಿ. ಕುಂಚ ಅಲ್ಲಿಗೇ ಮರಳಿದರೆ ಕೆಳಗಿನ ಗೋಂದು ಕರಗಿ ಮೈಬಣ್ಣ ಮೇಲೆದ್ದು ಕದಡುತ್ತದೆ. ಅಂಚು, ಹೊಲಿಗೆ, ಮಡಿಕೆಗಳಿಗೆ ಮಾತ್ರ ಗಟ್ಟಿ ಬಿಳಿ. ಬಟ್ಟೆ ಇದೆಯೆಂದು ಕಣ್ಣಿಗೆ ಹೇಳುವುದು ಈ ಗೆರೆಗಳೇ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಜಹಾಂಗೀರನ ಆಸ್ಥಾನದ ಭಾವಚಿತ್ರಗಳ ರೂಢಿಯಂತೆ ಮುಖವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಬೇಡಿ. ಈ ಸುಲ್ತಾನನ ಮುಖ ಮುಕ್ಕಾಲು ಭಾಗ ಕಾಣುವಂತಿದೆ. ಸಂಗೀತದಲ್ಲಿ ಮುಳುಗಿದವನ ಆ ಅರೆಗನಸಿನ ನೋಟ ಪಕ್ಕನೋಟದಲ್ಲಿ ಬರುವುದಿಲ್ಲ.

ಕುಂಚಪ್ರಿಯೆ:
ಮುಖ ಮುಕ್ಕಾಲು ನೋಟದಲ್ಲೇ ಇದೆ ಸರ್. ಹಿತ್ತಾಳೆ ಹಚ್ಚಿದ ಜಾಗವನ್ನು ಒದ್ದೆ ಹತ್ತಿಯಿಂದ ಒರೆಸಿ ಮತ್ತೆ ಬಳಸಬಹುದೇ?

ವಸ್ಲಿಗಾರ:
ಬೇಡ. ಹಸಿರು ಕಲೆ ಕಾಗದಕ್ಕೆ ಇಳಿದಿರುತ್ತದೆ, ಒರೆಸಿದರೆ ವಸ್ಲಿಯ ನುಣುಪೂ ಹೋಗುತ್ತದೆ. ರೇಖಾಚಿತ್ರವನ್ನು ಟ್ರೇಸಿಂಗ್ ಹಾಳೆಗೆ ಇಳಿಸಿಕೊಂಡು ಹೊಸ ವಸ್ಲಿಯಲ್ಲಿ ಶುರುಮಾಡಿ. ಈ ಹಾಳೆ ಜಾಮಾ ಅಭ್ಯಾಸಕ್ಕಿರಲಿ.