ಕಾರ್ಯಕ್ಷಮತೆ, ಸಾಮರ್ಥ್ಯ, ತ್ರಾಣ: ನೋವಿರುವವರನ್ನು ಯಾವ ಮಾತಿನಲ್ಲಿ ಕೇಳಬೇಕು?

ಎಲ್ಲರಿಗೂ ನಮಸ್ಕಾರ.

ನಾನು ಉಡುಪಿಯಲ್ಲಿ ಫಿಸಿಯೋಥೆರಪಿ ಮಾಡುವವಳು. ಮೂರು ತಿಂಗಳು ಮೀರಿದರೂ ಬಿಡದ ನೋವನ್ನು ವೈದ್ಯರು ದೀರ್ಘಕಾಲಿಕ ನೋವು ಎನ್ನುತ್ತಾರೆ. ಅಂಥ ನೋವಿದ್ದವರು ಎಷ್ಟರಮಟ್ಟಿಗೆ ಕೆಲಸ ಮಾಡಬಲ್ಲರು ಎಂದು ಅಳೆಯುವ ಪ್ರಶ್ನಾವಳಿಯ ಕನ್ನಡ ಕರಡು ತಿದ್ದಲು ನನ್ನ ಕೈಗೆ ಬಂದಿದೆ. ಮೂಲದ ಹೆಸರು ‘ವರ್ಕ್ ಎಬಿಲಿಟಿ ಇಂಡೆಕ್ಸ್’. 1980ರ ದಶಕದಲ್ಲಿ ಫಿನ್ಲೆಂಡಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ರೂಪುಗೊಂಡದ್ದು. ಏಳು ಅಂಶ, ಒಟ್ಟು ಅಂಕ 7ರಿಂದ 49. 27ರವರೆಗೆ ಬಂದರೆ ಕಳಪೆ, 44 ಮತ್ತು ಅದಕ್ಕೆ ಮೇಲೆ ಅತ್ಯುತ್ತಮ. ಕರಡಿನಲ್ಲಿ ಇದು ‘ಕಾರ್ಯಕ್ಷಮತಾ ಸೂಚ್ಯಂಕ’ ಆಗಿದೆ. ನನ್ನ ತಕರಾರು ಹೆಸರಿನಿಂದಲೇ ಶುರು.

“ಈಗಿನ ನಿಮ್ಮ ಕಾರ್ಯಕ್ಷಮತೆಗೆ 0ರಿಂದ 10ರೊಳಗೆ ಎಷ್ಟು ಅಂಕ ಕೊಡುತ್ತೀರಿ?” ಎಂಬುದು ಮೊದಲ ಪ್ರಶ್ನೆ. ಬೀಡಿ ಕಟ್ಟುವ ಅಕ್ಕ ಒಬ್ಬರು ತಡವರಿಸದೆ “ಹತ್ತು” ಎಂದರು. ಗೆರಸೆಯನ್ನು ತೊಡೆಯ ಮೇಲಿಟ್ಟು ಅರ್ಧ ಗಂಟೆ ಬಗ್ಗಿ ಕುಳಿತರೆ ಕತ್ತಿನಿಂದ ಚಳುಕು ಇಳಿದು ಬಲಗೈ ಜೋಮು ಹಿಡಿಯುತ್ತದೆ ಎಂದು ಆಗಷ್ಟೇ ಹೇಳಿದ್ದವರು! ಹತ್ತು ಹೇಗೆ ಅಕ್ಕ ಎಂದರೆ, “ನಾನು ಕಟ್ಟಿದ ಬೀಡಿಯನ್ನು ಬ್ರಾಂಚಿನವರು ಒಂದು ದಿನವೂ ಹಿಂದಕ್ಕೆ ಕೊಟ್ಟಿಲ್ಲ” ಎಂದರು. ಕೆಲಸದ ಅಚ್ಚುಕಟ್ಟಿಗೆ ಅಂಕ ಕೊಟ್ಟಿದ್ದರು. ಕೊಡದೆ ಇನ್ನೇನು ಮಾಡಿಯಾರು? ನಾವು ಕಾರ್ಯಕ್ಷಮತೆ ಎಂಬ ಮಾತನ್ನು ಓದುವುದೇ ಪಂಪುಸೆಟ್ಟಿನ, ಎಂಜಿನಿನ, ಇಲ್ಲವೇ ಅಧಿಕಾರಿಗಳ ವಿಷಯದಲ್ಲಿ. ಕ್ಷಮತೆಗೂ ಕ್ಷಮೆಗೂ ಧಾತು ಒಂದೇ, ‘ಕ್ಷಮ್’, ಅಂದರೆ ತಾಳು. ಆ ತಾಳಿಕೆಯ ಅರ್ಥ ಇಂದಿನ ಬಳಕೆಯಲ್ಲಿ ಉಳಿದಿದ್ದರೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ.

ಬದಲಿ ಪದಗಳನ್ನು ಹುಡುಕಿದ್ದೇನೆ. ‘ಸಾಮರ್ಥ್ಯ’ ನಿಘಂಟಿನ ಮಟ್ಟಿಗೆ ಸರಿ, ಆದರೆ “ನಿಮ್ಮ ಸಾಮರ್ಥ್ಯ ಎಷ್ಟು?” ಎಂದೊಡನೆ ಜನ ಸಂದರ್ಶನಕ್ಕೆ ಬಂದವರಂತೆ ನೆಟ್ಟಗೆ ಕೂರುತ್ತಾರೆ. ‘ತಾಕತ್ತು’ ಜಗಳಕ್ಕೆ ಕರೆದಂತೆ. ‘ತ್ರಾಣ’ ನನಗೆ ಬಹಳ ಇಷ್ಟವಿತ್ತು. ಆದರೆ ಜ್ವರ ಬಿಟ್ಟ ಮೇಲೆ ಮೈಯಲ್ಲಿ ತ್ರಾಣವಿಲ್ಲ ಎನ್ನುತ್ತೇವೆ, ಅದು ನಿಶ್ಶಕ್ತಿ. ಸೊಂಟನೋವಿರುವ ಮಲ್ಪೆಯ ಮೀನುಗಾರನಿಗೆ ಬಲೆ ಎಳೆಯುವ ತ್ರಾಣ ಇದ್ದೇ ಇದೆ. ಇಂದು ಎಳೆದರೆ ನಾಳೆ ಚಾಪೆಯಿಂದ ಏಳಲಾಗುವುದಿಲ್ಲ, ಅಷ್ಟೆ. ‘ದುಡಿಯುವ ಶಕ್ತಿ’ ಹತ್ತಿರ ಬರುತ್ತದೆ. ಆದರೆ ದುಡಿಮೆ ಎಂದರೆ ಕಾಸು ತರುವ ಕೆಲಸ ಎಂದೇ ಹಲವರ ಲೆಕ್ಕ. ನೀರು ಹೊರುವುದು, ಹಟ್ಟಿ ತೊಳೆಯುವುದು ಹೊರಗುಳಿಯುತ್ತವೆ. ಮೂಲ ಕೇಳುವುದು ಉದ್ಯೋಗವನ್ನೇ, ನಿಜ. ಆದರೂ ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರಿಗೆ ಎರಡರ ನಡುವೆ ಗೆರೆ ಎಳೆಯುವುದು ಎಲ್ಲಿ?

ರಜೆಯ ಪ್ರಶ್ನೆಯೂ ಹೀಗೆಯೇ. “ಕಳೆದ ಒಂದು ವರ್ಷದಲ್ಲಿ ಅನಾರೋಗ್ಯ ರಜೆ ಎಷ್ಟು ದಿನ?” ರಜೆ ಎಂಬುದೇ ಇಲ್ಲದವರು “ಇಲ್ಲ” ಎಂದು ಪೂರ್ಣ ಅಂಕ ಗಳಿಸಿಬಿಡುತ್ತಾರೆ. “ಸೌಖ್ಯವಿಲ್ಲದೆ ಎಷ್ಟು ದಿನ ಕೆಲಸಕ್ಕೆ ಕೂರಲಿಲ್ಲ?” ಎಂದು ತಿದ್ದಿದ್ದೇನೆ, ನಮ್ಮ ಕಡೆ ‘ಸೌಖ್ಯವಿಲ್ಲ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಘಟ್ಟದ ಮೇಲಿನವರಿಗೆ ಹೇಗೋ. ಪಕ್ಕದ ಹಾಳೆಯಲ್ಲಿ ನೋವಿನ ಅಳತೆಯೂ 0ರಿಂದ 10ರದೇ. ಅಲ್ಲಿ 10 ಎಂದರೆ ತಾಳಲಾಗದ ನೋವು, ಇಲ್ಲಿ 10 ಎಂದರೆ ಜೀವಮಾನದಲ್ಲೇ ಅತ್ಯುತ್ತಮ ಸ್ಥಿತಿ. ಎರಡನ್ನೂ ಬೆನ್ನುಬೆನ್ನಿಗೆ ಕೊಟ್ಟವರ ಜಾಣ್ಮೆಗೆ ಶರಣು.

ನನಗೀಗ ನಾಮಪದವನ್ನೇ ಬಿಟ್ಟು ಕ್ರಿಯಾಪದದಲ್ಲಿ ಕೇಳುವುದು ಲೇಸೆನಿಸುತ್ತದೆ: “ನೀವು ಅತಿ ಚೆನ್ನಾಗಿ ಕೆಲಸ ಮಾಡುತ್ತಿದ್ದ ಕಾಲಕ್ಕೆ 10, ಏನೂ ಮಾಡಲಾಗದ ಸ್ಥಿತಿಗೆ 0. ಈಗ ನಿಮ್ಮಿಂದ ಎಷ್ಟು ಆಗುತ್ತದೆ?” ತೊಡಕು ‘ಆಗುತ್ತದೆ’ಯಲ್ಲಿದೆ. ತುಳುವಿನ ‘ಆಪುಜಿ’ಯಂತೆ ಕನ್ನಡದ ‘ಆಗುವುದಿಲ್ಲ’ವೂ ಕೈಲಾಗದು, ಒಲ್ಲೆ ಎಂಬ ಎರಡಕ್ಕೂ ಸಲ್ಲುತ್ತದೆ. ನೋವಿರುವವರನ್ನು ಮೈಗಳ್ಳರೆಂದು ಅನುಮಾನಿಸುವ ಮನೆಗಳಲ್ಲಿ ಈ ಇಬ್ಬಂದಿ ಅರ್ಥ ದುಬಾರಿ. ಹವ್ಯಕರ ‘ಎಡಿತ್ತಿಲ್ಲೆ’ಯಲ್ಲಿ ಆ ಅನುಮಾನಕ್ಕೆ ಎಡೆಯಿಲ್ಲ, ಅದು ಕೈಲಾಗದಿರುವುದು ಮಾತ್ರ. ಆದರೆ ಅಚ್ಚಿಗೆ ಒಗ್ಗುವುದಿಲ್ಲ.

ಹಾಗಾಗಿ ಉತ್ತರ ಕರ್ನಾಟಕದ ಹಿರಿಯರಿಗೆ ಒಂದು ಪ್ರಶ್ನೆ. ನಿಮ್ಮಲ್ಲಿ ‘ನೀಗುವುದಿಲ್ಲ’ ಎನ್ನುತ್ತೀರಲ್ಲ, “ಈ ಕೆಲಸ ನಿಮಗೆ ನೀಗುತ್ತದೆಯೇ?” ಎಂದು ಕೇಳಿದರೆ ಆಮೇಲಿನ ನೋವನ್ನೂ ಸೇರಿಸಿ ಉತ್ತರಿಸುತ್ತಾರೋ, ಕೆಲಸ ಮುಗಿಯಿತೇ ಎಂಬುದಕ್ಕಷ್ಟೇ ಉತ್ತರಿಸುತ್ತಾರೋ? ಮೈಸೂರು, ಶಿವಮೊಗ್ಗದ ಕಡೆಯವರಿಗೆ ಆ ಮಾತು ಪರಿಚಿತವೇ? ದಿನಬಳಕೆಯ ವಾಕ್ಯವೊಂದನ್ನು ಜೊತೆಗಿಟ್ಟು ತಿಳಿಸಿದರೆ ಕರಡಿನಲ್ಲಿ ಸೇರಿಸಿ ನಾಲ್ಕು ಜನರ ಮುಂದೆ ಓದಿ ನೋಡುತ್ತೇನೆ.