ಬೆಳಿಗ್ಗೆ ಒಂದೂ ಸೈಟ್ ತೆರೆಯಂಗಿಲ್ಲ, ಸಂಜಿಗೆ ತಾನೇ ಸರಿ ಆಗ್ತದ! ತಲಿ ಕೆಟ್ಟು ಹೋಗ್ಯದ

ಸಿಂಧನೂರ್_ಬತ್ತ | ಮಂಗಳವಾರ, ಬೆಳಿಗ್ಗೆ 9:12

ಎಲ್ಲಾರಿಗೂ ನಮಸ್ಕಾರ. ಹತ್ತು ದಿನ ಆತು, ಸಾಕಾಗಿ ಹೋಗ್ಯದ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ್ರ ಒಂದೂ ಸೈಟ್ ತೆರೆಯಂಗಿಲ್ಲ. ಪಹಣಿ ಇಲ್ಲ, ಮೇಲ್ ಇಲ್ಲ, ಯೂಟ್ಯೂಬ್ ಸುದ್ದಾ ಇಲ್ಲ. ಇಂಗ್ಲಿಷ್‌ನಾಗ ಏನೋ ಬಂದು ನಿಂತುಬಿಡ್ತದ. ಅದೇ ವೈಫೈದಾಗ ಮೊಬೈಲ್ ಛಲೋ ನಡೀತದ. ಸಂಜಿ ಆರರ ಮ್ಯಾಲ ಕುಂತ್ರ ಏನೂ ಆಗೇ ಇಲ್ಲ ಅನ್ನಂಗ ಎಲ್ಲಾ ಓಪನ್! ಮರುದಿನ ಮತ್ತ ಅದೇ ಹಾಡು. ಬಿಸಿ ಆದ ಮ್ಯಾಲ ನಡೀತದೇನು, ಹಳೇ ಟ್ರ್ಯಾಕ್ಟರ್ ಥರ?

ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ತಿಂಗಳಾತು. ಕೊಟ್ಟ ಅಂಗಡಿಯವನ ಹತ್ರ ಒಯ್ದೆ. ಎರಡು ದಿನ ಇಟ್ಕೊಂಡು "ನಮ್ಮಲ್ಲಿ ಸರಿ ನಡೀತು, ನಿಮ್ಮ ನೆಟ್ ನೋಡ್ಕೊಳ್ರಿ" ಅಂದು ಕಳಿಸಿದ. ಯಾರಾರ ಗೊತ್ತಿದ್ದವರು ಹೇಳ್ರಪ್ಪ.

ಕೋಟೆಗಲ್ಲು_ಬಳ್ಳಾರಿ | 9:40

ಯಾವ ಬ್ರೌಸರ್, ಯಾವ ವಿಂಡೋಸ್? ಇವೆರಡು ಹೇಳದಂಗೆ ಕೇಳಿದ್ರೆ ಯಾರು ಏನು ಹೇಳ್ಬೇಕು.

ಸಿಂಧನೂರ್_ಬತ್ತ | 9:52

ಬ್ರೌಸರ್ ಗೂಗಲ್. ವಿಂಡೋಸ್ 2007.

ಕೋಟೆಗಲ್ಲು_ಬಳ್ಳಾರಿ | 10:05

ಗೂಗಲ್ ಅನ್ನೋದು ಕಂಪನಿ, ನೀವು ಹೇಳೋದು ಕ್ರೋಮ್. 2007 ಅಂತ ವಿಂಡೋಸ್ ಇಲ್ಲ, ವಿಂಡೋಸ್ 7 ಇರ್ಬೇಕು. ಅಲ್ಲಿಗೆ ಕಥೆ ಮುಗೀತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಗೇ ಬೆಂಬಲ ನಿಲ್ಲಿಸೈತೆ. ಕ್ರೋಮ್ ಅದರ ಮೇಲೆ 109ನೇ ವರ್ಷನ್‌ಗೆ ನಿಂತೋಯ್ತು. ಮೇಲಾಗಿ 2021ರ ಸೆಪ್ಟೆಂಬರ್ 30ಕ್ಕೆ, ಸೈಟ್ ಅಸಲಿ ಅಂತ ತೋರಿಸೋ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್‌ನೋರು ನಂಬಿಕೊಂಡಿದ್ದ ಹಳೇ ಮೂಲ ಸರ್ಟಿಫಿಕೇಟಿನ ಅವಧಿ ಮುಗೀತು. ಅಪ್‌ಡೇಟ್ ಕಾಣದ ಹಳೇ ಸಿಸ್ಟಮ್‌ಗಳಲ್ಲಿ ಎಷ್ಟೋ ಸೈಟ್ ಅವತ್ತೇ ಬಂದಾದವು. ನಿಮ್ಮದು ಅದೇ ರೋಗ, ಬರೆದು ಕೊಡ್ತೀನಿ. ವಿಂಡೋಸ್ ಹೊಸದಾಗಿ ಹಾಕಿಸ್ರಿ.

ಹಟ್ಟಿ_ಚಿನ್ನ | 10:20

ಅಣ್ಣಾರ, ಸರ್ಟಿಫಿಕೇಟ್ ಸತ್ತಿದ್ರ ಸಂಜಿಗೆ ಹೆಂಗ ಜೀವ ಬರ್ತದ? ಎರಡನೇ ಪಾಳಿ ಡ್ಯೂಟಿ ಏನು ಅದಕ್ಕ?

ನಂದೂ ಒಂದು ಪ್ರಶ್ನಿ ಅದ, ಇಲ್ಲೇ ಕೇಳಿಬಿಡ್ತೀನಿ. ಪಹಣಿ ಪ್ರಿಂಟ್ ಕೊಟ್ರ ಬಲಗಡಿ ಅರ್ಧ ಕತ್ತರಿಸಿ ಬರ್ತದ. ಏನು ಮಾಡ್ಬೇಕು?

ಕೋಟೆಗಲ್ಲು_ಬಳ್ಳಾರಿ | 10:31

ಸಂಜಿ ನಡೆಯೋದು ಕ್ಯಾಶೆಯಿಂದ, ಅಂದ್ರೆ ಬ್ರೌಸರ್ ಮೊದಲೇ ಉಳಿಸಿಟ್ಟ ಪ್ರತಿಯಿಂದ. ಹಳೇ ಪುಟ ತೋರಿಸ್ತಿರುತ್ತೆ.

ಎಡದಂಡೆ_ಗಂಗಾವತಿ | 11:02

ಇಷ್ಟು ದೊಡ್ಡದು ಮಾಡೋ ವಿಷಯ ಅಲ್ಲ ಇದು. ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರೂ ಒಟ್ಟಿಗೆ ಒತ್ತು, ಎಲ್ಲಾ ಟಿಕ್ ಹಾಕು, 'ಆಲ್ ಟೈಮ್' ಕೊಡು, ಕ್ಲಿಯರ್ ಹೊಡಿ. ನೂರಕ್ಕೆ ತೊಂಬತ್ತು ಸಲ ಅಷ್ಟರಾಗ ಮುಗಿತೈತಿ.

ಅಂದಂಗ ಕರೆಂಟ್ ಹೋದ್ರೂ ಕಂಪ್ಯೂಟರ್ ನಡೆಸೋ ಯುಪಿಎಸ್ ಒಂದು ತಗೊಳ್ರಿ. ನಮ್ಮನ್ಯಾಗ 1000 ವಿಎ ಐತಿ, ಕೆಳಗ ಎರಡು ಬ್ಯಾಟರಿ ಇನ್ವರ್ಟರ್ ಬ್ಯಾರೆ. 1 ಟಿಬಿ ಎನ್‌ವಿಎಂಇ ಡಿಸ್ಕ್ ಹಾಕೀನಿ, ಬಟನ್ ಒತ್ತಿ ಚಹಾ ಲೋಟ ಎತ್ತೋದ್ರಾಗ ಡೆಸ್ಕ್‌ಟಾಪ್ ಬಂದಿರ್ತೈತಿ. ಫೋಟೊ ಬೇಕಂದ್ರ ಹಾಕ್ತೀನಿ.

ಸಿಂಧನೂರ್_ಬತ್ತ | ಮಧ್ಯಾಹ್ನ 12:15

ಎಡದಂಡೆ ಅಣ್ಣಾರ, ನೀವು ಹೇಳಿದಂಗ ಎಲ್ಲಾ ಟಿಕ್ ಹಾಕಿ ಹೊಡದೆ. ಸೈಟ್ ಒಂದೂ ತೆರಿಲಿಲ್ಲ. ಇದ್ದಬದ್ದ ಪಾಸ್‌ವರ್ಡ್ ಎಲ್ಲಾ ಹೋದ್ವು! ಮಗಳ ಕಾಲೇಜಿನ ಲಾಗಿನ್ ಅದರಾಗೇ ಇತ್ತು. ಸಂಜಿಗೆ ಬಂದು ಏನಂತಾಳೋ.

ಎಡದಂಡೆ_ಗಂಗಾವತಿ | 12:22

ಪಾಸ್‌ವರ್ಡ್ ಬರೆದು ಇಟ್ಕೊಳ್ಳಂಗಿಲ್ಲೇನು ಮತ್ತ?

ಕಿನ್ನಾಳ_ಗೊಂಬಿ | 12:50

ಎಡದಂಡೆಯವರ, ಹೊಸಬರಿಗೆ "ಎಲ್ಲಾ ಟಿಕ್ ಹಾಕು" ಅಂತ ಹೇಳಬ್ಯಾಡ್ರಿ. ಆ ಪಟ್ಟಿಯಾಗ 'ಪಾಸ್‌ವರ್ಡ್' ಅನ್ನೋದು ಬ್ಯಾರೆ ಸಾಲಿನ್ಯಾಗ ಇರತೈತಿ, ಅದನ್ನ ಮುಟ್ಟೋ ಕೆಲಸ ಇಲ್ಲ. ಕ್ಯಾಶೆ ಚಿತ್ರ-ಫೈಲ್ ಅನ್ನೋದಷ್ಟು ಅಳಿಸಿದ್ರ ಸಾಕು. ಲಾಗಿನ್ ನೆನಪಿಡೋ ಕುಕೀಸ್ ಅಳಿಸಿದ್ರ ಎಲ್ಲಾ ಕಡೆ ಮತ್ತ ಲಾಗಿನ್ ಆಗಬೇಕು. ಅದಕ್ಕೂ ಮೊದಲು ಕಂಟ್ರೋಲ್, ಶಿಫ್ಟ್, ಎನ್ ಒತ್ತಿ, ಹಳೇ ಕ್ಯಾಶೆ ಬಳಸದ ಇನ್‌ಕಾಗ್ನಿಟೊ ಕಿಟಕಿಯಾಗ ಅದೇ ಸೈಟ್ ತೆಗೆದು ನೋಡಬೇಕು. ಅಲ್ಲೂ ತೆರೆಯಲಿಲ್ಲಂದ್ರ ಕ್ಯಾಶೆ ತಪ್ಪಲ್ಲ ಅಂತ ಅರ್ಥ, ಅಳಿಸೋದು ದಂಡ.

ಸಿಂಧನೂರಿನವರ, ಇಂಗ್ಲಿಷ್‌ನಾಗ ಏನೋ ಬರ್ತದ ಅಂದ್ರಲ್ಲ, ಆ 'ಏನೋ' ಏನು? ಪರದಿ ಪೂರ್ತಿ ಕಾಣೋ ಹಂಗ ಮೊಬೈಲ್‌ನಾಗ ಒಂದು ಫೋಟೊ ಹೊಡೆದು ಹಾಕ್ರಿ. ಬರೇ ನಡು ಭಾಗ ಬ್ಯಾಡ, ನಾಲ್ಕೂ ಮೂಲಿ ಕಾಣಬೇಕು.

ತುಂಗಭದ್ರಾ_ಮೀನು | 1:10

ಅಲ್ಲೇ ಕೆಳಗೆ 'ಅಡ್ವಾನ್ಸ್ಡ್' ಅಂತ ಇರುತ್ತೆ, ಒತ್ತಿದ್ರೆ 'ಪ್ರೊಸೀಡ್' ಬರುತ್ತೆ. ಅದರಾಗೆ ಒಳಗ ಹೋಗ್ರಿ, ಅಷ್ಟೆ. ನಾನು ಯಾವಾಗ್ಲೂ ಹಂಗೇ ಮಾಡೋದು.

ಕೋಟೆಗಲ್ಲು_ಬಳ್ಳಾರಿ | 1:18

ಹಂಗೇ ಮಾಡಿ ಬ್ಯಾಂಕ್ ಸೈಟ್‌ಗೂ ಹೋಗ್ತೀರೇನ್ರೀ? ಬೀಗ ಒಡೆದು ನಮ್ಮ ಮನೆಗೆ ನಾವೇ ನುಗ್ಗಿದಂಗೆ. ಎದುರಿಗಿರೋದು ನಿಜವಾದ ಸೈಟೋ, ಯಾವನೋ ಕಟ್ಟಿದ ನಕಲಿಯೋ ಗೊತ್ತಾಗದು.

ತುಂಗಭದ್ರಾ_ಮೀನು | 1:25

ಪಹಣಿ ನೋಡಾಕ ಯಾವ ಕಳ್ಳ ಬರ್ತಾನ ಬಿಡ್ರಿ.

ಕೋಟೆಗಲ್ಲು_ಬಳ್ಳಾರಿ | 1:27

ಇವತ್ತು ಪಹಣಿ ನೋಡಾಕ ಒತ್ತಿದೋನು ನಾಳೆ ದುಡ್ಡು ಕಳಿಸಾಕೂ ಒತ್ತುತಾನೆ. ರೂಢಿ ಅಂದ್ರೆ ಅದೇ. ನಾನು ಮೊದಲೇ ಹೇಳಿದಂಗೆ ವಿಂಡೋಸ್ 7 ತೆಗೆಸ್ರಿ, ಈ ರಗಳೆಯೇ ಇರಲ್ಲ.

ಸಿಂಧನೂರ್_ಬತ್ತ | ಬುಧವಾರ, ಬೆಳಿಗ್ಗೆ 8:30

ಕಿನ್ನಾಳ ಸರ್, ಇವತ್ತು ಬೆಳಿಗ್ಗೆ ಹಚ್ಚಿದ ಕೂಡ್ಲೆ ಹೊಡೆದ ಫೋಟೊ ಹಾಕೀನಿ ನೋಡ್ರಿ. 'ಯುವರ್ ಕ್ಲಾಕ್ ಈಸ್ ಬಿಹೈಂಡ್' (ನಿಮ್ಮ ಗಡಿಯಾರ ಹಿಂದ ಅದ) ಅಂತ ಬರ್ದದ. ಮೊದಲೂ ಇದೇ ಬರ್ತಿತ್ತು. ನಾನು ಎದ್ದು ಗೋಡಿ ಗಡಿಯಾರ ನೋಡಿದ್ದೆ, ಸರಿಯಾಗೇ ನಡೀಲಿಕ್ಕತ್ತಿತ್ತು. ಅದಕ್ಕ ಅದನ್ನ ಬರೀಲಿಲ್ಲ.

ಕಿನ್ನಾಳ_ಗೊಂಬಿ | 8:41

ಸರ್ ಅಲ್ರಿ, ಅಕ್ಕ ಅನ್ರಿ ಸಾಕು. ನಗಬಾರದು ಅಂತ ಮಾಡಿದ್ದೆ, ಆಗಲಿಲ್ಲ.

ನಿಮ್ಮ ಫೋಟೊದ ಕೆಳಗ ಬಲಮೂಲಿ ನೋಡ್ರಿ. 01-01-2012, ಹೊತ್ತು 12:09. ನಿಮ್ಮ ಕಂಪ್ಯೂಟರ್ ಇನ್ನೂ 2012ರಾಗ ಕುಂತೈತಿ. ಪ್ರತಿ ಸೈಟಿನ ಸರ್ಟಿಫಿಕೇಟಿಗೂ ಇಂಥಾ ದಿನದಿಂದ ಇಂಥಾ ದಿನದ ತನಕ ಅಂತ ಅವಧಿ ಇರತೈತಿ. ಬ್ರೌಸರ್ ಅದನ್ನ ಕಂಪ್ಯೂಟರಿನ ತಾರೀಖಿಗೆ ಹಚ್ಚಿ ನೋಡತೈತಿ. ಅದರ ಲೆಕ್ಕದಾಗ ಈ ಸರ್ಟಿಫಿಕೇಟ್‌ಗಳು ಇನ್ನೂ ಹುಟ್ಟೇ ಇಲ್ಲ. ಮುಂದಿನ ವರ್ಷದ ಬಸ್ ಪಾಸ್ ಈಗ ತೋರಿಸಿದ್ರ ಕಂಡಕ್ಟರ್ ಇಳಿಸಂಗಿಲ್ಲೇನು, ಹಂಗ.

ಈಗ ಮೂರು ಮಾತು ಕೇಳ್ತೀನಿ. ರಾತ್ರಿ ಕಂಪ್ಯೂಟರ್ ಪ್ಲಗ್ ತೆಗೀತೀರೇನು? ಹಚ್ಚಿದಾಗ ಕರಿ ಪರದಿ ಮ್ಯಾಲ ಏನಾರ ಕೇಳತೈತೇನು? ಸಂಜಿ ನಿಮಗಿಂತ ಮೊದಲು ಯಾರು ಕುಂದ್ರತಾರ?

ಸಿಂಧನೂರ್_ಬತ್ತ | 9:15

ಹೌದ್ರಿ ಅಕ್ಕಾರ, ದಿನಾ ರಾತ್ರಿ ಪಿನ್ ಕಿತ್ತೇ ಇಡ್ತೀವಿ. ಸಿಡಿಲಿಗೆ ಪಕ್ಕದ ಮನಿ ಟಿವಿ ಸುಟ್ಟಾಗಿಂದ ಭಯ. ಕರಿ ಪರದಿ ಮ್ಯಾಲ ಎಫ್1 ಒತ್ತು ಅಂತ ಬರ್ತದ, ಒತ್ತತೀನಿ. ಅದು ಎಲ್ಲಾ ಕಂಪ್ಯೂಟರಿಗೂ ಇರ್ತದಲ್ಲ? ಅಂಗಡಿಯವನೇ ಹೇಳಿದ್ದ, "ಎಫ್1 ಒತ್ರಿ, ಮುಂದ ಹೋಗ್ತದ" ಅಂತ.

ಸಂಜಿಗೆ ಮಗಳು ಕುಂದ್ರತಾಳ. ಫೋನ್ ಹಚ್ಚಿ ಕೇಳಿದೆ. "ಅಪ್ಪಾಜಿ, ನಾ ದಿನಾ ಮೂಲ್ಯಾಗಿನ ಟೈಮ್ ಮ್ಯಾಲ ರೈಟ್ ಕ್ಲಿಕ್ ಮಾಡಿ ತಾರೀಖು ಸರಿ ಮಾಡ್ತೀನಲ್ಲ, ನಿನಗ ಗೊತ್ತಿಲ್ಲೇನು?" ಅಂದ್ಲು. ಹತ್ತು ದಿನ ನಾನು ಬಿಸಿ ಆಗ್ಲಿ ಅಂತ ಕಾಯ್ಕೊಂತ ಕುಂತಿದ್ದೆ.

ಹಟ್ಟಿ_ಚಿನ್ನ | 9:18

ಟ್ರ್ಯಾಕ್ಟರ್ ಡ್ರೈವರ್ ಸಿಕ್ಕಳು ನೋಡ್ರಿ.

ಕಿನ್ನಾಳ_ಗೊಂಬಿ | 9:37

ಸಿಕ್ತು. ಮದರ್‌ಬೋರ್ಡ್, ಅಂದ್ರ ಒಳಗಿನ ಮುಖ್ಯ ಬೋರ್ಡ್ ಮ್ಯಾಲ ರೂಪಾಯಿ ಬಿಲ್ಲೆ ಥರ ಒಂದು ಸೆಲ್ ಇರತೈತಿ, ಅದು ಸತ್ತೈತಿ. ಕರೆಂಟ್ ಇಲ್ಲದಾಗ ಒಳಗಿನ ಗಡಿಯಾರ ನಡೆಸೋದು ಅದೇ. ಎಫ್1 ಕೇಳೋದೂ ಅದಕ್ಕ. ಪ್ಲಗ್ ಹಾಕೇ ಇದ್ರ, ಕಂಪ್ಯೂಟರ್ ಬಂದ್ ಇದ್ರೂ ಬೋರ್ಡಿಗೆ ಸಣ್ಣಾಗಿ ಕರೆಂಟ್ ಹರೀತಿರತೈತಿ, ಸೆಲ್ಲಿನ ಕೆಲಸ ಬೀಳಂಗಿಲ್ಲ. ಅಂಗಡಿಯಾಗ ಎರಡು ದಿನ 'ಸರಿ' ಇದ್ದಿದ್ದು ಅದಕ್ಕ, ಅಲ್ಲಿ ಯಾರೂ ಪಿನ್ ಕೀಳಲಿಲ್ಲ. ವಿಂಡೋಸ್ ತಾನೇ ಇಂಟರ್ನೆಟ್‌ನಿಂದ ಹೊತ್ತು ತಿದ್ದಿಕೊಳ್ಳತೈತಿ ಖರೆ, ಆದ್ರ ಸುಮ್ನ ಬಿಟ್ಟ ಸೆಟ್ಟಿಂಗ್‌ನಾಗ 15 ತಾಸಿಗಿಂತ ಹೆಚ್ಚು ಫರಕ್ ಇದ್ರ ಕೈ ಹಚ್ಚಂಗಿಲ್ಲ. ನಿಮ್ಮದು ವರ್ಷಗಟ್ಟಲೆ ಹಿಂದ ಐತಿ.

ಸೆಲ್ಲಿನ ನಂಬರ್ ಸಿಆರ್ 2032. 20 ಅಂದ್ರ ಅಡ್ಡ 20 ಮಿಲಿಮೀಟರ್, 32 ಅಂದ್ರ ದಪ್ಪ 3.2 ಮಿಲಿಮೀಟರ್. ಮೂರು ವೋಲ್ಟ್. ಪಿನ್ ಕಿತ್ತು, ಪವರ್ ಬಟನ್ ಒಂದು ಹತ್ತು ಸೆಕೆಂಡ್ ಒತ್ತಿ ಹಿಡಿದು ಒಳಗಿನ ಕರೆಂಟ್ ಕಳೀರಿ. ಕ್ಯಾಬಿನೆಟ್ಟಿನ ತಗಡು ಮುಟ್ಟಿ ಆಮ್ಯಾಲ ಒಳಗ ಕೈ ಹಾಕ್ರಿ. ಸೆಲ್ಲಿನ ಮಗ್ಗಲಿನ ಸಣ್ಣ ಕ್ಲಿಪ್ ಒತ್ತಿದ್ರ ಅದು ತಾನೇ ಎದ್ದು ಬರತೈತಿ. ಪ್ಲಸ್ ಗುರುತು ಮ್ಯಾಲ ಇರೋ ಹಂಗ ಹೊಸದು ಕೂಡ್ರಿಸ್ರಿ.

ಎಡದಂಡೆ_ಗಂಗಾವತಿ | 9:50

ಸೆಲ್ ಯಾಕ, ಯುಪಿಎಸ್ ಇದ್ರ ಪಿನ್ ಕೀಳೋ ಪ್ರಸಂಗನೇ ಇಲ್ಲ. ನಾ ಮೊದಲೇ ಹೇಳಿದ್ದೆ.

ಕೋಟೆಗಲ್ಲು_ಬಳ್ಳಾರಿ | 10:02

ನಲವತ್ತು ರೂಪಾಯಿ ಕೆಲಸಕ್ಕೆ ನಾಲ್ಕು ಸಾವಿರದ ಯುಪಿಎಸ್! ಅದರ ಪಿನ್ನೂ ಸಿಡಿಲು ಬಂದ್ರೆ ಕೀಳ್ತಾರೆ ಬಿಡ್ರಿ.

ಸೆಲ್ ಸತ್ತಿರ್ಬಹುದು, ಇಲ್ಲ ಅನ್ನಲ್ಲ. ಆದ್ರೆ ವಿಂಡೋಸ್ 7 ಇರೋ ತನಕ ಸರ್ಟಿಫಿಕೇಟ್ ತಾಪತ್ರಯ ಇದ್ದಿದ್ದೇ.

ಕಿನ್ನಾಳ_ಗೊಂಬಿ | 10:10

ಯೂಟ್ಯೂಬ್ ಸುದ್ದಾ ತೆರೆಯಂಗಿಲ್ಲ ಅಂದಾರ, ಅದು ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಬಳಸಂಗಿಲ್ಲ. ಮತ್ತ ಫೋಟೊದಾಗ ಕೆಳಗಿನ ಪಟ್ಟಿ ನೋಡಿದ್ರ ಅದು ವಿಂಡೋಸ್ 7 ಅನ್ನಿಸೋದೂ ಇಲ್ಲ. ಸಿಂಧನೂರಿನವರ, ವಿಂಡೋಸ್ ಗುರುತಿನ ಕೀಲಿ ಹಿಡಿದು ಆರ್ ಒತ್ರಿ. ಸಣ್ಣ ಡಬ್ಬಿ ಬರತೈತಿ. ಅದರಾಗ ಇಂಗ್ಲಿಷ್ ಅಕ್ಷರದಾಗ ಡಬ್ಲ್ಯೂ, ಐ, ಎನ್, ವಿ, ಇ, ಆರ್ ಬರೆದು ಎಂಟರ್ ಹೊಡೀರಿ. ಏನು ಬಂತು ಹೇಳ್ರಿ.

ಸಿಂಧನೂರ್_ಬತ್ತ | 10:24

ವಿಂಡೋಸ್ 10 ಅಂತ ಬಂತು! 2007 ಅನ್ನೋದು ನಾವು ಲೆಟರ್ ಬರೆಯೋ ವರ್ಡ್ ಇರ್ತದಲ್ಲ, ಅದರ ಮ್ಯಾಲ ಬರ್ದದ. ಎರಡೂ ಒಂದೇ ಅಂತ ತಿಳ್ಕೊಂಡಿದ್ದೆ.

ಹಟ್ಟಿ_ಚಿನ್ನ | 10:26

ಕೋಟೆಗಲ್ಲು ಅಣ್ಣಾರು "ಬರೆದು ಕೊಡ್ತೀನಿ" ಅಂದಿದ್ರು. ಯಾವ ಛಾಪಾ ಕಾಗದ ತರಬೇಕ್ರಿ?

ಕೋಟೆಗಲ್ಲು_ಬಳ್ಳಾರಿ | 10:44

2007 ಅಂತ ಹೇಳಿದ್ದು ಅವರು, ನಾನಲ್ಲ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್‌ನೋರು 2025ರ ಅಕ್ಟೋಬರ್ 14ರ ತನಕ ಅಂತ ಗಡುವು ಕೊಟ್ಟಿದ್ದು ನೆನಪಿರ್ಲಿ.

ತುಂಗಭದ್ರಾ_ಮೀನು | 11:30

ವಿಂಡೋಸ್ ಬದಲು ಲಿನಕ್ಸ್ ಹಾಕ್ರಿ, ಈ ಮೈಕ್ರೋಸಾಫ್ಟ್ ಗಡುವು-ಗಿಡುವು ಏನೂ ಇಲ್ಲ. ಕನ್ನಡ ಅಕ್ಷರ ಛಂದ ಕಾಣ್ತಾವ.

ಎಡದಂಡೆ_ಗಂಗಾವತಿ | 11:34

ಲಿನಕ್ಸ್ ಹಾಕಿದ್ರ ಸತ್ತ ಸೆಲ್ ಎದ್ದು ಕುಂದ್ರತೈತೇನು?

ಸಿಂಧನೂರ್_ಬತ್ತ | ಗುರುವಾರ, ಬೆಳಿಗ್ಗೆ 7:50

ಅಕ್ಕಾರ, ನಿನ್ನೆ ಸಂಜಿ ಬಸ್ ಸ್ಟ್ಯಾಂಡ್ ಹತ್ರ ಗಡಿಯಾರ ರಿಪೇರಿಯವನಿಂದ ಸೆಲ್ ತಂದು ಹಾಕಿದೆ. ಮಗಳು ಟಾರ್ಚ್ ಹಿಡಿದಿದ್ಲು. ಒಳಗ ಬೆರಳು ದಪ್ಪ ಧೂಳು. ಸತ್ತ ಹಲ್ಲಿ ಒಂದು ಸಿಕ್ತು, ಅದನ್ನೂ ತೆಗೆದೆ. ತಾರೀಖು ಹಾಕಿ, ರಾತ್ರಿ ಪಿನ್ ಕಿತ್ತು ಮಲಗಿದೆ. ಬೆಳಿಗ್ಗೆ ಎದ್ದು ಹಚ್ಚಿದ್ರ ಮತ್ತ ಎಫ್1! ಮತ್ತ 2012!

ಕೋಟೆಗಲ್ಲು_ಬಳ್ಳಾರಿ | 8:05

ಹೇಳಿದ್ನಲ್ಲ.

ಕಿನ್ನಾಳ_ಗೊಂಬಿ | 8:12

ಏನು ಹೇಳಿದ್ರಿ ನೀವು?

ಸಿಂಧನೂರಿನವರ, ಸೆಲ್ ತೆಗೆದು ಮ್ಯಾಲಿನ ನಂಬರ್ ಓದ್ರಿ.

ಸಿಂಧನೂರ್_ಬತ್ತ | 8:40

2025 ಅಂತ ಅದ. ನಾನು ಅದು ಮಾಲು ತಯಾರಾದ ವರ್ಷ ಅಂತ ತಿಳ್ಕೊಂಡೆ.

ಕಿನ್ನಾಳ_ಗೊಂಬಿ | 8:52

ಅದು ವರ್ಷ ಅಲ್ರಿ, ಅಳತಿ. ಅಗಲ ಅಷ್ಟೇ, ದಪ್ಪ 2.5 ಮಿಲಿಮೀಟರ್. ನಿಮ್ಮ ಬೋರ್ಡಿನ್ಯಾಗ ಸಡಿಲಾಗಿ ಕೆಳಗಿನ ಕಡ್ಡಿಗೆ ತಾಕಿರಲಿಕ್ಕಿಲ್ಲ. 2032ನೇ ಬೇಕು. ಅಂಗಡಿಯವರಿಗೆ ಹಳೇ ಸೆಲ್ ಕೈಯಾಗ ಕೊಟ್ಟು "ಇಂಥದ್ದೇ" ಅನ್ರಿ. ಹಾಕಿದ ಮ್ಯಾಲ ಮೊದಲ ಸಲ ಎಫ್1 ಕೇಳಿಯೇ ಕೇಳತೈತಿ, ಅಲ್ಲೇ 'ಸೆಟಪ್' ಅಂತ ತೋರಿಸೋ ಕೀಲಿ ಒತ್ತಿ ಒಳಗ ಹೋಗಿ ತಾರೀಖು ಹಾಕಿ ಎಫ್10 ಒತ್ತಿ ಉಳಿಸ್ರಿ. ಬಹಳ ಬೋರ್ಡ್‌ಗಳಾಗ ಉಳಿಸೋದು ಎಫ್10ನೇ, ಆದ್ರೂ ಪರದಿ ಮ್ಯಾಲ ಬರೆದಿರತೈತಿ, ನೋಡಿ ಒತ್ರಿ. ಆಮ್ಯಾಲ ವಿಂಡೋಸ್‌ನಾಗ ಹೊತ್ತು ತಾನಾಗಿ ತಿದ್ದಿಕೊಳ್ಳೋ ಸ್ವಿಚ್ ಆನ್ ಇಡ್ರಿ.

ಹಳೇ ಸೆಲ್ ಮಕ್ಕಳ ಕೈಗೆ ಸಿಗೋ ಕಡೆ ಇಡಬ್ಯಾಡ್ರಿ. ನುಂಗಿದ್ರ ಗಂಟಲು, ಅನ್ನನಾಳ ಸುಡತೈತಿ, ಬರೇ ಸಿಕ್ಕೊಳ್ಳೋದಲ್ಲ.

ಸಿಂಧನೂರ್_ಬತ್ತ | ಶುಕ್ರವಾರ, ಬೆಳಿಗ್ಗೆ 7:35

ಎಫ್1 ಕೇಳಲಿಲ್ಲ ಅಕ್ಕಾರ. ನೆಟ್ಟಗ ಡೆಸ್ಕ್‌ಟಾಪಿಗೆ ಬಂತು. ಪಹಣಿ ತೆರೀತು, ಮೇಲ್ ತೆರೀತು. ಮೂಲ್ಯಾಗ ಇವತ್ತಿನ ತಾರೀಖೇ ಅದ. ಮಗಳು ತನ್ನ ಕಾಲೇಜಿನ ಪಾಸ್‌ವರ್ಡ್ ಮತ್ತ ಹೊಸದು ಮಾಡ್ಕೊಂಡ್ಲು. ಎಡದಂಡೆ ಅಣ್ಣಾರಿಗೆ ಏನೋ ಹೇಳು ಅಂದ್ಲು, ಇಲ್ಲಿ ಬರೀಲಿಕ್ಕೆ ಬರಂಗಿಲ್ಲ.

ಎಡದಂಡೆ_ಗಂಗಾವತಿ | 7:58

ತಪ್ಪಾತವ್ವ. ಯುಪಿಎಸ್ ಮಾತು ಮಾತ್ರ ವಾಪಸ್ ತಗೊಳ್ಳಂಗಿಲ್ಲ.

ಹಟ್ಟಿ_ಚಿನ್ನ | 8:20

ಎಲ್ಲಾ ಸರಿ ಹೋತಲ್ಲ, ಈಗಾರ ನನ್ನ ಪ್ರಿಂಟ್ ಕಡೆ ನೋಡ್ರಪ್ಪ. ಮಂಗಳವಾರದಿಂದ ಕುಂತೀನಿ.

ಸಿಂಧನೂರ್_ಬತ್ತ | 8:26

ಹಟ್ಟಿ ಅಣ್ಣಾರ, ಯಾವ ಪ್ರಿಂಟರ್, ಯಾವ ವಿಂಡೋಸ್, ಪೇಪರ್ ಸೈಜ್ ಏನು ಇಟ್ಟೀರಿ? ಇವೆಲ್ಲ ಹೇಳದ ಕೇಳಿದ್ರ ಹೆಂಗ್ರಿ?

ಹಟ್ಟಿ_ಚಿನ್ನ | 8:31

ಬಿಳೀದು.