ಶಿಕಾಗೊ ಊರೊಳಗಿನ ಸರ್ಕಾರಿ ಶಾಲೆಗೆ ಮಗಳನ್ನು ಸೇರಿಸಬಹುದಾ?

ವಿದ್ಯಾನಗರದ ತಮ್ಮ, ನೀನು ಈ ಗುಂಪಿನಲ್ಲಿ ಕೇಳಿದ್ದನ್ನು ನಿನ್ನೆ ರಾತ್ರಿ ಓದಿದೆ. ಆಗಸ್ಟಿನಲ್ಲಿ ಶಿಕಾಗೊಗೆ ಹೊರಟಿದ್ದೀಯ, ಮಗಳಿಗೆ ಐದು ತುಂಬಿದೆ, ಊರೊಳಗಿನ ಸರ್ಕಾರಿ ಶಾಲೆ ಹೇಗೆ ಅಂತ ಕೇಳಿದ್ದೀಯ. ಅದರ ಕೆಳಗೆ ಉತ್ತರ ಬರೆದ ಎಲ್ಲರದ್ದೂ ಒಂದೇ ಮಾತು: 'ಸುಮ್ನೆ ನೇಪರ್‌ವಿಲ್‌ನಲ್ಲಿ ಮನೆ ಹಿಡಿ.' ಅದು ಶಿಕಾಗೊದ ಹೊರವಲಯದ ಊರು. ನಾನು ಶಿಕಾಗೊ ಊರೊಳಗೇ ಇರುವವಳು. ಮಗ ಮೊದಲಿನಿಂದ ಅಲ್ಲಿನ ಸರ್ಕಾರಿ ಶಾಲೆಯಲ್ಲೇ ಓದಿ ಈಗ ಐದನೇ ಕ್ಲಾಸು ಮುಗಿಸಿದ. ರಜೆಗೆ ದಾವಣಗೆರೆಗೆ ಬಂದಿದ್ದೇವೆ. ನಿದ್ದೆ ಇನ್ನೂ ಇಲ್ಲಿಗೆ ಬಂದಿಲ್ಲ, ಬೆಳಗಿನ ಜಾವ ಮೂರಕ್ಕೆ ಎದ್ದು ಬರೆಯುತ್ತಿದ್ದೇನೆ.

ಶಿಕಾಗೊದ ಸರ್ಕಾರಿ ಶಾಲೆಗಳಿಗೆ ಕಷ್ಟ ಇರುವುದು ನಿಜ. ದುಡ್ಡಿಲ್ಲ. 2025ರಲ್ಲಿ ಬಜೆಟ್ಟಿಗೆ ಕೂತಾಗ ಬಿದ್ದ ಕೊರತೆ 73 ಕೋಟಿ ಡಾಲರಿಗೂ ಜಾಸ್ತಿ. ಆದರೆ ಬರೀ ದುಡ್ಡಿನ ಲೆಕ್ಕ ನೋಡಿದರೆ ವಿಷಯ ಅರ್ಥವಾಗುವುದಿಲ್ಲ. ಮಕ್ಕಳೇ ಕಡಿಮೆಯಾಗಿದ್ದಾರೆ. 20 ವರ್ಷದ ಹಿಂದೆ 4 ಲಕ್ಷಕ್ಕೂ ಜಾಸ್ತಿ ಮಕ್ಕಳಿದ್ದರು, ಈಗ 3.2 ಲಕ್ಷದ ಆಸುಪಾಸು. ಕಟ್ಟಡ ಮಾತ್ರ ಹಳೆಯ ಲೆಕ್ಕದ್ದೇ. ಇನ್ನೂರು ಮಕ್ಕಳಿದ್ದರೂ ಎಂಟುನೂರು ಮಕ್ಕಳ ಕಟ್ಟಡದ ಚಾವಣಿ ಸೋರುವುದು ಅಷ್ಟೇ, ಚಳಿಗಾಲದ ಹೀಟರು ಉರಿಯುವುದೂ ಅಷ್ಟೇ. ಇದರ ಮೇಲೆ ಮೇಷ್ಟ್ರುಗಳ ಪಿಂಚಣಿಯ ಹಳೆಯ ಬಾಕಿ.

2013ರಲ್ಲಿ ಒಂದೇ ಏಟಿಗೆ 50 ಶಾಲೆ ಮುಚ್ಚಿದರು. ಹೆಚ್ಚಿನವು ಊರಿನ ದಕ್ಷಿಣ ಮತ್ತು ಪಶ್ಚಿಮ ಭಾಗದಲ್ಲಿ, ಕಪ್ಪು ಜನ ಇರುವ ಕಡೆ. ನಾನು ಆಮೇಲೆ ಹೋದವಳು. ಆದರೂ ನಮ್ಮ ಓಣಿಯ ಅಜ್ಜಿಯೊಬ್ಬರು ಅದನ್ನು ಮೊನ್ನೆ ನಡೆದಂತೆ ಹೇಳುತ್ತಾರೆ.

ಇಲ್ಲಿ ದಾವಣಗೆರೆಯಲ್ಲೂ ಕಥೆ ಬೇರೆಯಲ್ಲ. ಮೊನ್ನೆ ಮಗನನ್ನು ಕರೆದುಕೊಂಡು ಹಳೇಪೇಟೆ ಕಡೆ ಹೋಗಿದ್ದೆ. ನಾನು ಓದಿದ ಸರ್ಕಾರಿ ಪ್ರಾಥಮಿಕ ಶಾಲೆ ಅಲ್ಲೇ ಇದೆ. ನಮ್ಮ ಕಾಲಕ್ಕೆ ಒಂದೊಂದು ಕೋಣೆಯಲ್ಲಿ ಅರವತ್ತು ಮಕ್ಕಳು, ಬೆಂಚು ಸಾಲದೆ ನೆಲದ ಮೇಲೆ ಕೂರುತ್ತಿದ್ದೆವು. ಈಗ ಮೂರು ಕೋಣೆಗೆ ಬೀಗ. ಎರಡು ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಪಾಠ ಮಾಡುತ್ತಿದ್ದವರು ಅತಿಥಿ ಶಿಕ್ಷಕಿ. ಬಿಸಿಯೂಟ, ಮೊಟ್ಟೆ, ಹಾಲು ಎಲ್ಲ ಇದೆ, ಮಕ್ಕಳಿಲ್ಲ. 'ಯಾಕಮ್ಮ ಬೀಗ?' ಅಂದ ಮಗ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಅಣ್ಣನ ಮಕ್ಕಳನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ತುಂಬಿಕೊಂಡು ಹೊರಟ ಆಟೋ ಪಕ್ಕದಲ್ಲೇ ಹೋಯಿತು. ಇನ್ನೇನು ಉತ್ತರ ಹೇಳಲಿ?

ನೇಪರ್‌ವಿಲ್‌ನಲ್ಲಿ ಮನೆ ಹಿಡಿ ಅಂದ ಅಣ್ಣ, ಬೇಜಾರಾಗಬೇಡಿ. ಅಲ್ಲಿನ ಶಾಲೆಗಳು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆಗೆ ದುಡ್ಡು ಬರುವುದು ಬಹುಪಾಲು ಮನೆ ತೆರಿಗೆಯಿಂದ. ನಾವು ಎಲ್ಲಿ ಮನೆ ಮಾಡುತ್ತೇವೋ ಅಲ್ಲಿನ ಶಾಲೆಗೆ ನಮ್ಮ ದುಡ್ಡು, ನಮ್ಮ ಮಕ್ಕಳು. ಊರೊಳಗಿನ ಶಾಲೆ ಕೆಟ್ಟಿದೆ ಅಂತ ಹೇಳುತ್ತಲೇ ನಾವೆಲ್ಲ ಹೊರಗೆ ಹೋಗುತ್ತೇವೆ. ನಾನೂ ಎರಡು ಸಲ ಅಲ್ಲಿ ಮನೆ ನೋಡಿ ಬಂದವಳೇ, ದೊಡ್ಡ ಮಾತು ಆಡುವ ಯೋಗ್ಯತೆ ನನಗೂ ಇಲ್ಲ ಬಿಡಿ.

ತಮ್ಮ, ನಿನಗೆ ಉಪಯೋಗಕ್ಕೆ ಬರುವ ಮಾತಿಗೆ ಬರುತ್ತೇನೆ. ಶಿಕಾಗೊದಲ್ಲಿ ವಿಳಾಸ ಇದ್ದ ಕಡೆಯ ಶಾಲೆಯಲ್ಲಿ ಸೀಟು ಸಿಕ್ಕೇ ಸಿಗುತ್ತದೆ, ಡೊನೇಶನ್ನೂ ಇಲ್ಲ, ಶಿಫಾರಸೂ ಬೇಡ. ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿ. ಡ್ರೈವರುಗಳು ಸಿಗದೆ 2023ರಿಂದ ಶಾಲೆ ಬಸ್ಸನ್ನು ಬಹುಪಾಲು ವಿಶೇಷ ಅಗತ್ಯದ ಮಕ್ಕಳಿಗೂ ಸ್ವಂತ ಸೂರಿಲ್ಲದವರಿಗೂ ಎಂದೇ ಇಟ್ಟಿದ್ದಾರೆ. ನಿನ್ನ ಹೆಂಡತಿಗೆ ಮೊದಲ ಆರು ತಿಂಗಳು ಕಾರು ಕೈಗೆ ಸಿಗುವುದಿಲ್ಲ ಅಂತಲೇ ಇಟ್ಟುಕೋ. ಮೈನಸ್ ಹದಿನೈದು ಡಿಗ್ರಿ ಚಳಿಯಲ್ಲಿ ಎರಡು ಮೈಲಿ ದೂರದ ಶಾಲೆ ಎಷ್ಟು ಒಳ್ಳೆಯದಾದರೇನು?

ಇಲ್ಲಿ ಯುಕೆಜಿ ಮುಗಿಸಿದ್ದಾಳೆ, ಒಂದನೇ ಕ್ಲಾಸಿಗೇ ಹಾಕಿ ಅಂತ ವಾದ ಮಾಡಬೇಡ. ಸೆಪ್ಟೆಂಬರ್ 1ಕ್ಕೆ ಐದಾಗಿದ್ದರೆ ಕಿಂಡರ್‌ಗಾರ್ಟನ್. ಒಂದು ವರ್ಷ ಹೋಯಿತು ಅಂತ ನಿಮ್ಮಮ್ಮ ಗೊಣಗಿದರೆ ಗೊಣಗಲಿ.

ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಒಂದು ಫಾರ್ಮ್ ಕೊಡುತ್ತಾರೆ. ನಮ್ಮವರು ತುಂಬಾ ಜನ ಹೆದರಿ ಇಂಗ್ಲಿಷ್ ಅಂತ ಬರೆಯುತ್ತಾರೆ. ನೀನು ಕನ್ನಡ ಅಂತಲೇ ಬರೆ. ಮಗುವಿನ ಇಂಗ್ಲಿಷ್ ಎಷ್ಟಿದೆ ಅಂತ ಒಂದು ಪರೀಕ್ಷೆ ಮಾಡುತ್ತಾರೆ, ಬೇಕಾದರೆ ಅದಕ್ಕೆ ಸಹಾಯವೂ ಸಿಗುತ್ತದೆ. ಒಂದು ಶಾಲೆಯಲ್ಲಿ ಇಂಗ್ಲಿಷ್ ಸಾಲದ, ಒಂದೇ ಮನೆಮಾತಿನ ಮಕ್ಕಳು 20 ಜನ ಆದರೆ ಆ ಭಾಷೆಯಲ್ಲೂ ಕಲಿಸಬೇಕು ಅಂತ ಇಲಿನಾಯ್ ರಾಜ್ಯದ ನಿಯಮ ಇದೆ. ಕನ್ನಡಕ್ಕೆ ಆ 20 ಎಲ್ಲಿಂದ ಬರಬೇಕು! ಎಲ್ಲ ಇಂಗ್ಲಿಷ್ ಅಂತ ಬರೆದುಬಿಟ್ಟರಲ್ಲ.

ಇನ್ನೊಂದು, ಇದನ್ನು ಈ ಗುಂಪಿನಲ್ಲಿ ಯಾರೂ ಹೇಳುವುದಿಲ್ಲ. ಶಿಕಾಗೊದ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಒಂದೊಂದು ಸಮಿತಿ ಇದೆ, 1988ರ ಕಾನೂನಿನಿಂದ ಬಂದದ್ದು. ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ ಇದ್ದ ಹಾಗೆ, ಆದರೆ ಪ್ರಿನ್ಸಿಪಾಲರನ್ನು ಆರಿಸುವ ಅಧಿಕಾರವೂ ಅದಕ್ಕಿದೆ. ಸದಸ್ಯರಲ್ಲಿ ಹೆತ್ತವರೇ ಜಾಸ್ತಿ. ಓಟು ಹಾಕಲು ಪೌರತ್ವ ಬೇಡ, ವೀಸಾದಲ್ಲಿರುವ ನಾವೂ ಹಾಕಬಹುದು. ಆ ದೇಶದಲ್ಲಿ ನಾನು ಹಾಕಿದ ಒಂದೇ ಒಂದು ಓಟು ಅದು. 2019ರಲ್ಲಿ ಮೇಷ್ಟ್ರುಗಳು 11 ದಿನ ಮುಷ್ಕರ ಮಾಡಿದಾಗ, ನರ್ಸ್ ಬೇಕು ಅಂತ ಯಾಕೆ ಹಟ ಹಿಡಿದಿದ್ದಾರೆ ಅಂತ ನನಗೆ ತಿಳಿದದ್ದೂ ಆ ಸಮಿತಿಯ ಸಭೆಯಲ್ಲೇ.

ಜುಲೈ ಮೊದಲ ವಾರದವರೆಗೆ ಇಲ್ಲೇ ಪಿ.ಜೆ. ಬಡಾವಣೆಯಲ್ಲಿರುತ್ತೇನೆ. ಹೆಂಡತಿ, ಮಗಳನ್ನು ಕರೆದುಕೊಂಡು ಒಂದು ಸಂಜೆ ಬಾ, ಮಂಡಕ್ಕಿ ಮಿರ್ಚಿ ತರಿಸುತ್ತೇನೆ. ಬರುವಾಗ ಮಗಳ ತಾಯಿ ಕಾರ್ಡು ಇರಲಿ. ಅದರಲ್ಲಿ ಲಸಿಕೆ ಎಲ್ಲ ಕನ್ನಡದಲ್ಲಿ ಬರೆದಿದ್ದರೆ, ಅಲ್ಲಿನ ಶಾಲೆಗೆ ತೋರಿಸಲು ಹೊರಡುವ ಮೊದಲೇ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಬರೆಸಿ ಸೀಲು ಹಾಕಿಸಬೇಕು.